ಕೊಸರಿಗೆ ಬಂದ ಚೊಂಬು

ಜಾನ್ಸನ್‌ವಿಲ್ಲಿನ ಕನ್ನಡದ ಮನೆಗಳಲ್ಲಿ ಈ ಕಥೆಯನ್ನು ಹೇಳುವ ರೀತಿ ಹೀಗಿದೆ: ತೀರಿಕೊಂಡ ಕಮಲಮ್ಮ ಎಂಬ ಅಜ್ಜಿ, ಮುನಿಸಿಕೊಂಡ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಂದು ಮಾಡಲು ತನ್ನ ಚೊಂಬನ್ನು ಸಮುದ್ರ ದಾಟಿಸಿ ನ್ಯೂಜಿಲೆಂಡಿನ ಸಂತೆಗೆ ಕಳಿಸಿದಳು, ಅದನ್ನು ಕೊಟ್ಟ ಮುದುಕ ಮತ್ತೆಂದೂ ಯಾರ ಕಣ್ಣಿಗೂ ಬೀಳಲಿಲ್ಲ. ಇದರಲ್ಲಿ ಎರಡನೆಯ ಭಾಗ ಶುದ್ಧ ಸುಳ್ಳು. ಆ ಮುದುಕ ಮರುವಾರವೂ ಅಲ್ಲೇ ಇದ್ದ, ಅದರ ಮರುವಾರವೂ ಇದ್ದ. ನಾನೇ ಹೋಗಿ ಮಾತಾಡಿಸಿದ್ದೇನೆ. ಮೊದಲನೆಯ ಭಾಗವೂ ಸುಳ್ಳೆಂದು ಹೇಳಲು ನನ್ನ ಹತ್ತಿರ ಒಂದು ಒಳ್ಳೆಯ ವಾದವಿತ್ತು. ಈಗ ಇಲ್ಲ. ಹಾಗಂತ ಈ ಕಥೆ ಹೇಳುವ ಆ ಮನೆಗಳ ಆಂಟಿಯರು ಹೇಳುವುದು ನಿಜ ಎಂದೂ ನಾನು ಒಪ್ಪುವುದಿಲ್ಲ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ, ಮತ್ತು ಅದು ಗೊತ್ತಿರುವುದರಿಂದ ನನಗೆ ಏನೂ ತಿಳಿಯದಂತಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಜಾತಿ ನನ್ನದಲ್ಲ. ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಹೇಳಿದವರೇ ಸಾಬೀತು ಮಾಡಬೇಕು ಎನ್ನುವ ನಿಯಮವನ್ನು ಊಟದ ಮನೆಯಲ್ಲೂ ಬಿಟ್ಟವಳಲ್ಲ. ಕೆಲಸ ಮಾಡುವುದು ಚರಂಡಿ ಪೈಪುಗಳ ನಕ್ಷೆ ಬರೆಯುವ ಕಚೇರಿಯಲ್ಲಾದರೂ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನನ್ನನ್ನು ಕರೆಯುವುದು ‘ಲಾಯರಮ್ಮ’ ಎಂದು. ಅದು ಹೊಗಳಿಕೆಯಲ್ಲ.

ದೊಡ್ಡಮ್ಮ ಮಗನ ಜೊತೆ ಜಾನ್ಸನ್‌ವಿಲ್ಲಿನಲ್ಲಿದ್ದಾರೆ. ನಾನಿರುವುದು ಅಲ್ಲಿಂದ ಎರಡು ರೈಲಿನಷ್ಟು ದೂರದ ಅಪ್ಪರ್ ಹಟ್‌ನಲ್ಲಿ. ಅಮ್ಮ ಮೈಸೂರಿನಲ್ಲಿ. ಸಂತೆಯ ಆ ಸಂಗತಿ ನಡೆಯುವ ಹೊತ್ತಿಗೆ ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣ ಒಂದು ಸ್ಟೀಲ್ ಚೊಂಬು. ಮಂಡ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ ಅಜ್ಜಿ ಹೋದ ಮೇಲೆ ಪಾತ್ರೆಗಳನ್ನು ಹಂಚಿಕೊಳ್ಳಲು ಕೂತಾಗ, ಅಜ್ಜಿ ದಿನಾ ನೀರು ಕುಡಿಯುತ್ತಿದ್ದ ಚೊಂಬು ಇರಲಿಲ್ಲ. ಅದು ದೊಡ್ಡಮ್ಮನಿಗೆ ಅಂತ ಅಜ್ಜಿ ಮೊದಲೇ ಹೇಳಿದ್ದಳಂತೆ. ದೊಡ್ಡಮ್ಮ ಎಲ್ಲರೆದುರು ಅಮ್ಮನ ಮುಖ ನೋಡಿ, “ಕದ್ದವಳ ಮನೇಲಿ ನಾನು ಒಂದು ಲೋಟ ನೀರೂ ಕುಡಿಯಲ್ಲ” ಅಂದರು. ಅಮ್ಮ, “ನಿನ್ನ ಮನೇಲೂ ನನಗೆ ನೀರಿಲ್ಲ ಅಂದ್ಕೋತೀನಿ” ಅಂದರು. ಮುಗಿಯಿತು.

ನಾನು ಅಮ್ಮನ ವಕೀಲಳಾದೆ. ಇಲ್ಲಿಗೆ ಓದಲು ಬಂದ ಮೇಲೂ, ದೊಡ್ಡಮ್ಮನ ಮನೆಯಲ್ಲೇ ಊಟ ಮಾಡುತ್ತ ದೊಡ್ಡಮ್ಮನನ್ನೇ ಪಾಟೀಸವಾಲಿಗೆ ಒಳಪಡಿಸುತ್ತಿದ್ದೆ. ತೆಗೆದುಕೊಂಡಿದ್ದನ್ನು ನೋಡಿದವರು ಯಾರು? ಆ ಮನೆಗೆ ಹದಿಮೂರು ದಿನ ಎಷ್ಟು ಜನ ಬಂದುಹೋದರು? ಕೊನೆಗೆ ದೊಡ್ಡಮ್ಮ, “ನಿನ್ನ ಬಾಯಿಗೆ ಸೋತೆ ಕಣೆ, ನಿಮ್ಮಮ್ಮಂಗಲ್ಲ” ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ನಾನೂ ದೊಡ್ಡಮ್ಮನೂ ಹಟ್ ನದಿ ದಂಡೆಯ ಸಂತೆಗೆ ಹೋಗಿದ್ದೆವು. ಅದು ಕಾರುಗಳು ನಿಲ್ಲುವ ಬಯಲಿನಲ್ಲಿ ನಡೆಯುವ ಸಂತೆ. ಒಂದು ಕಡೆ ತರಕಾರಿ, ಮೀನು, ಎಣ್ಣೆಯಲ್ಲಿ ಕರಿದ ಬ್ರೆಡ್ಡಿನ ವಾಸನೆ. ಇನ್ನೊಂದು ತುದಿಯಲ್ಲಿ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವವರು. ದೊಡ್ಡಮ್ಮನಿಗೆ ಎರಡೂ ಕಡೆ ಒಂದೇ ಕಾನೂನು. ಏನೇ ಕೊಂಡರೂ ಕೊಸರು ಬೇಕು. ಮಂಡ್ಯದಲ್ಲಿ ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕೆಳೆ ಹೆಚ್ಚಿಗೆ ಹಾಕದಿದ್ದರೆ ಅಜ್ಜಿ ಜಾಗ ಬಿಟ್ಟು ಏಳುತ್ತಿರಲಿಲ್ಲ, ಇವರೂ ಹಾಗೆಯೇ. “ಲಿಟಲ್ ಎಕ್ಸ್‌ಟ್ರಾ, ಲಿಟಲ್ ಎಕ್ಸ್‌ಟ್ರಾ” ಅಂತ ಸೆರಗು ಹಿಡಿದ ಹಾಗೆ ಚೀಲದ ಬಾಯಿ ಅಗಲಿಸಿ ನಿಲ್ಲುತ್ತಾರೆ. ನಾನು ನಾಚಿಕೆಯಿಂದ ಕುಮಾರಾ ಗೆಣಸಿನ ರಾಶಿಯ ಹಿಂದೆ ಸರಿಯುತ್ತೇನೆ. ಸೊಪ್ಪು ಮಾರುವ ಹೆಂಗಸಂತೂ ಈಗ ತಾನಾಗಿ ಎರಡು ಮೆಣಸಿನಕಾಯಿ ಹಾಕಿ “ಕೊಸಾರು!” ಅಂತ ನಗುತ್ತಾಳೆ.

ಅವತ್ತು ಹಳೇ ಸಾಮಾನಿನ ಸಾಲಿನಲ್ಲಿ, ಯೂಟ್ ಅನ್ನುವ ಹಳದಿ ಪಿಕಪ್ ಗಾಡಿಯ ಹಿಂಬದಿ ತೆರೆದು ಕೂತಿದ್ದ ಬಿಳಿಯ ಮುದುಕನೊಬ್ಬನ ಹತ್ತಿರ ದೊಡ್ಡಮ್ಮ ದೋಸೆಗೆಂದು ಒಂದು ಕಬ್ಬಿಣದ ಕಾವಲಿ ಕೊಂಡರು. ಕೊಂಡು, ಚೀಲ ಅಗಲಿಸಿ, “ಲಿಟಲ್ ಎಕ್ಸ್‌ಟ್ರಾ?” ಅಂದರು. ಕಾವಲಿಗೆ ಕೊಸರು ಕೇಳಿದವರನ್ನು ಅವನು ಅದೇ ಮೊದಲು ನೋಡಿರಬೇಕು. ಜೋರಾಗಿ ನಕ್ಕ. ನಮ್ಮನ್ನೇ ನೋಡುತ್ತ, ಹಿಂದೆ ತಿರುಗದೆ, ಬೆನ್ನ ಹಿಂದಿದ್ದ ರಟ್ಟಿನ ಪೆಟ್ಟಿಗೆಗೆ ಕೈಹಾಕಿ, ಸಿಕ್ಕಿದ್ದನ್ನು ತೆಗೆದು ಚೀಲಕ್ಕೆ ಹಾಕಿದ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಅವನು ಆರಿಸಲಿಲ್ಲ. ನಾವೂ ಆರಿಸಲಿಲ್ಲ.

“ನೋಡಿದ್ರಾ? ಕೊನೆಗೂ ಒಬ್ಬ ನಿಮಗೆ ಚೊಂಬು ಕೊಟ್ಟ” ಅಂತ ನಾನು ತಮಾಷೆ ಮಾಡಿದೆ. ದೊಡ್ಡಮ್ಮ ನಗಲಿಲ್ಲ. ಚೊಂಬನ್ನು ತಿರುಗಿಸಿ ಕತ್ತಿನ ಕೆಳಗೆ ನೋಡುತ್ತಿದ್ದರು. ಪಾತ್ರೆ ಅಂಗಡಿಯವರು ಸೂಜಿ ಮೆಷಿನ್ನಿನಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಕೊಡುತ್ತಾರಲ್ಲ, ಹಾಗೆ ಕನ್ನಡದಲ್ಲಿ ನಾಲ್ಕು ಅಕ್ಷರ: ಕಮಲಮ. ಕಮಲಮ್ಮ ಅಲ್ಲ. ಒತ್ತು ಬಿಟ್ಟುಹೋಗಿತ್ತು. ನಮ್ಮ ಅಜ್ಜಿಯ ಚೊಂಬಿನಲ್ಲೂ ಬಿಟ್ಟುಹೋಗಿತ್ತು. ಅಂಗಡಿಯವನು ಮಾತಾಡುತ್ತ ಬರೆದು ತಪ್ಪು ಮಾಡಿದಾಗ ಅಜ್ಜಿ, “ಒತ್ತು ಬಿಟ್ಟರೆ ಬಿಡಲಿ, ಎತ್ತೋಕೆ ಅಷ್ಟು ಹಗುರ” ಅಂದಿದ್ದಳೆಂಬುದು ನಮ್ಮ ಮನೆಯ ಹಳೇ ಜೋಕು.

ದೊಡ್ಡಮ್ಮ ಅಲ್ಲೇ ಯೂಟಿನ ಅಂಚಿಗೆ ಕೂತರು. ಮುದುಕ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ನಾನು ವಾದ ಶುರು ಮಾಡಿದೆ. “ದೊಡ್ಡಮ್ಮ, ಕಮಲಮ್ಮನೋರು ಕರ್ನಾಟಕದ ತುಂಬ ಇದಾರೆ.”

“ಒತ್ತಿಲ್ಲದ ಕಮಲಮ ಎಷ್ಟು ಜನ ಇದಾರೆ, ಲಾಯರಮ್ಮ?”

ಅದಕ್ಕೂ ಉತ್ತರ ಕೊಟ್ಟೆ; ಒತ್ತು ತಿನ್ನುವ ಅಂಗಡಿಯವರು ಊರಿಗೊಬ್ಬರಿರುತ್ತಾರೆ. ಆದರೆ ಚೊಂಬನ್ನು ಕೈಗೆ ತೆಗೆದುಕೊಂಡಾಗ ನನ್ನ ಹೆಬ್ಬೆರಳು ಬಾಯಂಚಿನ ಒಂದು ನೆಗ್ಗಿನಲ್ಲಿ ತಾನಾಗಿ ಕೂತಿತು. ಆರು ವರ್ಷದವಳಿದ್ದಾಗ ಅಜ್ಜಿಯ ಚೊಂಬನ್ನು ಒಗೆಯುವ ಕಲ್ಲಿನ ಮೇಲೆ ಬೀಳಿಸಿ ನೆಗ್ಗಿಸಿದವಳು ನಾನೇ. ಇದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ. ಎಲ್ಲ ಚೊಂಬೂ ಬೀಳುತ್ತವೆ, ಬಿದ್ದರೆ ಅಂಚೇ ನೆಗ್ಗುವುದು, ನೆನಪು ತನಗೆ ಬೇಕಾದ್ದನ್ನು ಹೊಂದಿಸಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ, ಮೈಸೂರಿನಲ್ಲಿ ಬೆಳಗಾಗುವವರೆಗೆ ಕಾದು, ದೊಡ್ಡಮ್ಮ ನನ್ನ ಫೋನಿನಿಂದ ಅಮ್ಮನಿಗೆ ಕರೆ ಮಾಡಿದರು. “ತಪ್ಪಾಯ್ತು ಕಣೇ ಪದ್ದಿ. ಯಾವನೋ ತಗೊಂಡು ಹೋಗಿ ಎಲ್ಲೋ ಮಾರಿದಾನೆ, ಅದು ಸುತ್ತಿ ಸುತ್ತಿ ಇಲ್ಲಿಗೆ ಬಂದಿದೆ. ನಿನ್ನ ಕಳ್ಳಿ ಅಂದ್ಬಿಟ್ನಲ್ಲೇ” ಅಂತ ಅತ್ತರು. ಆ ಕಡೆಯಿಂದ ಅಮ್ಮ, “ಬಿಡಕ್ಕ” ಅಂದರು. ಅಷ್ಟೇ. ಸಂತೋಷ ಹೆಚ್ಚಾಗಿರಬೇಕು ಎಂದುಕೊಂಡೆ. ಒಂಬತ್ತು ವರ್ಷದ ನನ್ನ ಮೊಕದ್ದಮೆ ಗೆದ್ದಿತ್ತು.

ಅವರು ಮಾತಾಡುತ್ತಿರುವಾಗ ನಾನು ಸಂತೆಯ ಕಂದು ಕಾಗದದ ಚೀಲವನ್ನು ಆ ಹೆಸರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ಚುಕ್ಕೆಗಳೆಲ್ಲ ಚೆನ್ನಾಗಿ ಮೂಡಿದವು. ‘ಲ’ ಅಕ್ಷರದ ಪಕ್ಕ, ಸೂಜಿ ಜಾರಿ ಬಿದ್ದಿದ್ದ ಒಂಟಿ ಚುಕ್ಕೆ ಕೂಡ. ಸಾಕ್ಷ್ಯ ಎತ್ತಿಡುವುದು ನನ್ನ ಹಳೇ ಚಾಳಿ. ಮರುವಾರ ಮುದುಕನನ್ನು ವಿಚಾರಿಸಿದೆ. ಯಾವುದೋ ಮನೆ ಖಾಲಿ ಮಾಡಿದಾಗ ಬಂದ ಪೆಟ್ಟಿಗೆ, ಯಾರ ಮನೆಯೋ ನೆನಪಿಲ್ಲ ಅಂದ. ನನ್ನ ಪ್ರಶ್ನೆಗಳು ಹೆಚ್ಚಾದಾಗ ಪಾಪ, “ಯಾಕೆ, ಅದು ಸೋರುತ್ತಾ?” ಅಂತ ಕೇಳಿದ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕಥೆ. ಇನ್ನು ಮುಂದಿನದು ನನಗೂ ಅಮ್ಮನಿಗೂ ಮಾತ್ರ ಗೊತ್ತು.

ಕಳೆದ ಜನವರಿಯಲ್ಲಿ ಅಮ್ಮ ಬಂದರು. ಬಂದ ಮರುದಿನವೇ ಜಾನ್ಸನ್‌ವಿಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ನಾನು ಕಾಫಿ ಮಾಡುತ್ತಿರುವಾಗ ಅಮ್ಮ ಸೂಟ್‌ಕೇಸಿನಿಂದ ಹಳೇ ಸೀರೆಯೊಂದರ ಗಂಟನ್ನು ತಂದು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಚೊಂಬು. ಕಮಲಮ.

“ನಾನೇ ತಗೊಂಡಿದ್ದು ಕಣೆ. ಅಕ್ಕಂಗೆ ಕೊಡೋಣ ಅಂತಾನೇ ಎತ್ತಿಟ್ಟಿದ್ದೆ. ಅವಳು ಹಾಗೆ ಎಲ್ಲರ ಮುಂದೆ ಕೇಳಿದ್ಲಲ್ಲ, ರೋಷಕ್ಕೆ ಇಲ್ಲ ಅಂದ್ಬಿಟ್ಟೆ. ಒಂದ್ಸಲ ಇಲ್ಲ ಅಂದ್ಮೇಲೆ ಎಲ್ಲಿಂದ ತರ್ಲಿ? ಈಗ ಅವಳು ತಪ್ಪಾಯ್ತು ಅಂದಾಗಿನಿಂದ ಅನ್ನ ಇಳೀತಿಲ್ಲ. ಅವಳ ಹತ್ರ ಇರೋದು ಯಾವಳೋ ಬೇರೆ ಕಮಲಮ್ಮಂದು. ಅಮ್ಮಂದು ಇದು. ಇವತ್ತು ಕೊಟ್ಬಿಡ್ತೀನಿ.”

ಒಂಬತ್ತು ವರ್ಷ ನಾನು ಮಾಡಿದ ವಾದಗಳೆಲ್ಲ ಒಂದೊಂದಾಗಿ ನೆನಪಾದವು. ಕೋಪ ಬಂತು, ಆದರೆ ಅದಕ್ಕಿಂತ ಮೊದಲು ನನ್ನ ಕೈ ಆ ಚೊಂಬಿನ ಅಂಚಿಗೆ ಹೋಯಿತು. ಹೆಬ್ಬೆರಳು ನೆಗ್ಗಿನಲ್ಲಿ ಕೂತಿತು. ಕಡತದಿಂದ ಆ ಕಂದು ಕಾಗದ ತಂದೆ. ಅಮ್ಮನ ಚೊಂಬಿನ ಹೆಸರಿನ ಮೇಲೆ ತೆಳು ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ, ಎರಡನ್ನೂ ಜೋಡಿಸಿ ಕಿಟಕಿಯ ಗಾಜಿಗೆ ಹಿಡಿದೆ. ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ‘ಲ’ ಪಕ್ಕದ ಒಂಟಿ ಚುಕ್ಕೆಯ ಮೇಲೆ ಒಂಟಿ ಚುಕ್ಕೆ.

ಅಜ್ಜಿ ಜೋಡಿ ಚೊಂಬು ಕೊಂಡಿದ್ದಳೇ ಎಂದು ಕೇಳಿದೆ. ಇಲ್ಲ, ಒಂದೇ ಅಂದರು ಅಮ್ಮ. ಇರಲಿ, ಜೋಡಿ ಎಂದೇ ಇಟ್ಟುಕೊಳ್ಳೋಣ. ಕೈಯಲ್ಲಿ ಹಿಡಿದ ಸೂಜಿ ಒಂದೇ ಜಾಗದಲ್ಲಿ ಎರಡು ಸಲ ಜಾರುತ್ತದೆಯೇ? ಜಾರಿತು ಎಂದೂ ಇಟ್ಟುಕೊಳ್ಳೋಣ. ನೆಗ್ಗು? ನಾನು ಬೀಳಿಸಿದ್ದು ಒಂದೇ ಚೊಂಬು, ಒಂದೇ ಸಲ. ಎದುರಾಳಿಯ ಕಡೆಯಿಂದಲೂ ನಾನೇ ನಿಂತು ಯೋಚಿಸಿದೆ, ಎರಡೂ ಕಡೆ ಸೋತೆ.

ಎರಡು ರೈಲು ಬದಲಿಸಿ ಜಾನ್ಸನ್‌ವಿಲ್ ತಲುಪಿದೆವು. ಗಂಟು ಅಮ್ಮನ ಮಡಿಲಲ್ಲೇ ಇತ್ತು. ಮನೆಯೊಳಗೆ ಕಾಲಿಡುತ್ತಲೇ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಆದರೆ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಸಂತೆಯ ಚೊಂಬು, ತುಂಬ ನೀರು.

“ಮೊದ್ಲು ಕುಡಿಯೇ. ಆಮೇಲೆ ಮಾತು.”

ಅಮ್ಮ ನನ್ನ ಮುಖ ನೋಡಿದರು. ಆಮೇಲೆ ಚೊಂಬು ತೆಗೆದುಕೊಂಡರು. ಅವರ ಹೆಬ್ಬೆರಳು ಹುಡುಕದೆ ಸೀದಾ ನೆಗ್ಗಿಗೆ ಹೋದದ್ದನ್ನು ನಾನು ನೋಡಿದೆ. ಅಮ್ಮನೂ ಅದನ್ನು ಗಮನಿಸಿದರು. ತಲೆಯೆತ್ತಿ, ಒಂದು ಹನಿಯನ್ನೂ ಚೆಲ್ಲದೆ ಪೂರ್ತಿ ಕುಡಿದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಮ್ಮನ ಚೊಂಬಿನ ನೀರೇ ಬೇರೆ, ಅಲ್ವೇನೇ?” ಅಂದರು. ಅಮ್ಮ ಹೂಂ ಅಂದರು. ಸಂಜೆಯವರೆಗೂ ಇಬ್ಬರೂ ಹಳೆಯದನ್ನೆಲ್ಲ ಹೇಳಿಕೊಂಡು ನಕ್ಕರು. ಗಂಟು ಸೋಫಾದ ಮೂಲೆಯಲ್ಲೇ ಇತ್ತು. ಅಮ್ಮ ಬಿಚ್ಚಲಿಲ್ಲ. ಸತ್ಯ ಹೇಳು ಎಂದು ಒಬ್ಬರನ್ನೂ ಬಿಡದ ನಾನೂ ಬಾಯಿ ಬಿಡಲಿಲ್ಲ. ಏಕೆಂದರೆ ಯಾವುದು ಸತ್ಯ ಎಂದು ಯಾರಾದರೂ ಕೇಳಿದ್ದರೆ ಹೇಳಲು ನನಗೆ ಗೊತ್ತಿರಲಿಲ್ಲ.

ವಾಪಸ್ಸಿನ ರೈಲಿನಲ್ಲಿ ಇನ್ನೂ ಬಿಸಿಲಿತ್ತು. ಅಮ್ಮ ಗಂಟನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನಾನು ಕೊನೆಗೆ ಕೇಳಿದೆ:

“ಅಮ್ಮಾ, ಹಾಗಾದ್ರೆ ನೀನು ಕದ್ದಿದ್ದು ಯಾವುದನ್ನ?”