ಬಾಯಿ ಮೇಲೆ ಬೆರಳು

ಗೆಳೆಯರೇ, ಇವತ್ತು ನನ್ನ ಆನ್‌ಲೈನ್ ಎಂ.ಎ. ಸೆಮಿನಾರು. ದಾಂಡೇಲಿಯ ನಮ್ಮ ಮನೆಗೆ ಅಂಟಿಕೊಂಡೇ ರಫೀಕ್ ಚಾಚಾ ಅವರ ಗ್ಯಾರೇಜು. ನಾನು ಮಾತು ಶುರು ಮಾಡಿದ್ದೇ ತಡ, ಅಲ್ಲಿ ಸುತ್ತಿಗೆಯೂ ಶುರುವಾಯಿತು. ಕಿಟಕಿಯಿಂದ ಕೈಮುಗಿದೆ. ಚಾಚಾ ನಿಲ್ಲಿಸಿದರು. ಬೈಕು ರಿಪೇರಿಗೆ ತಂದವನು ಬಿಡಬೇಕಲ್ಲ!

"ಯಾಕ ನಿಲ್ಲಿಸಿದ್ರಿ? ನಾ ಹಳಿಯಾಳಕ್ಕ ಹೋಗೂದೈತಿ!"

"ನನ್ನ ಮೊಮ್ಮಗಳ ಟೀಚರ್ ಈಗ ತಾವೂ ಕಲಿಯಾಕತ್ತಾರ. ಬಾಯಿ ಮ್ಯಾಲ ಬಟ್ಟು!" ಚಾಚಾ ಗುಡುಗಿದರು.

ಅದು ತರಗತಿಯಲ್ಲಿ ದಿನಾ ನಾನು ಹೇಳುವ ಮಾತು. ಮೊಮ್ಮಗಳು ಮನೆಗೆ ಒಯ್ದಿದ್ದಾಳೆ. ನನ್ನ ಮೈಕು ಆನ್ ಇತ್ತು. ನೋಡಿದರೆ ಪರದೆ ತುಂಬ ಸಹಪಾಠಿಗಳು ಬಾಯಿ ಮೇಲೆ ಬೆರಳಿಟ್ಟು ಕೂತಿದ್ದಾರೆ; ಎಲ್ಲರೂ ನನ್ನಂತೆ ಶಾಲೆ ಕಲಿಸುವವರೇ. ಪ್ರೊಫೆಸರೂ ಬೆರಳಿಟ್ಟಿದ್ದರು!

ಸೆಮಿನಾರು ಚೆನ್ನಾಗಿ ಆಯಿತು. ಚಾಚಾ, ನಿಮ್ಮ ಉಪಕಾರ ಮರೆಯುವುದಿಲ್ಲ. ನಾಳೆ ನನ್ನ ನಾಲ್ಕನೇ ಕ್ಲಾಸಿಗೂ ಒಮ್ಮೆ ಬಂದು ಗುಡುಗಿ ಹೋಗಿ. ಅಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ.