ಸೆಮಿನಾರಿಗೆ ಹೂಂಗುಟ್ಟಿದ್ದು

ಯುದ್ಧದ ಭಯಕ್ಕೆ ಮದರಾಸಿನ ಜನ ಊರು ಬಿಡುತ್ತಿದ್ದ ಕಾಲ. ನಿಮ್ಮ ತಾತ ಕೆಲಸಕ್ಕಿದ್ದ ಫಿಸಿಯಾಲಜಿ ವಿಭಾಗವೂ ಗಂಟುಮೂಟೆ ಕಟ್ಟಿಕೊಂಡು ಕೃಷ್ಣಗಿರಿಯ ಒಂದು ಛತ್ರಕ್ಕೆ ಬಂದಿಳಿಯಿತು. ಮೈಯೊಳಗೆ ಉಸಿರು, ರಕ್ತ, ನಾಡಿ ಹೇಗೆ ನಡೆಯುತ್ತವೆಂದು ನೋಡುವ ವಿದ್ಯೆ ಅದು. ಗಾಜಿನ ಸಾಮಾನೆಲ್ಲ ಹುಲ್ಲಿನಲ್ಲಿ ಸುತ್ತಿಕೊಂಡು ಎತ್ತಿನ ಗಾಡಿಯಲ್ಲಿ ಬಂತು. ಅದರಿಂದ ನನಗೂ ಒಳ್ಳೆಯದೇ ಆಯಿತು. ಅಲ್ಲಿಗೆ ಹತ್ತಿರವೇ ಇದ್ದ, ರಾಯಕೋಟೆ ಪಕ್ಕದ ನಮ್ಮ ಹಳ್ಳಿಯಿಂದ ಅತ್ತೆಯ ಜೊತೆ ಬಂದು ಗಂಡನೊಡನೆ ಸಂಸಾರ ಹೂಡಿದೆ.

ಶನಿವಾರ ಮಧ್ಯಾಹ್ನ ಛತ್ರದ ಹಜಾರದಲ್ಲಿ ಸೆಮಿನಾರು. ವಾರಕ್ಕೊಬ್ಬರು ತಮ್ಮ ಸಂಶೋಧನೆಯ ಬಗ್ಗೆ ನಿಂತು ಹೇಳಬೇಕು. ಅಂದಿನ ಕಾಫಿ ತಿಂಡಿಯೂ ಅವರ ಮನೆಯದೇ. ನಿಮ್ಮ ತಾತ ಮೊದಲ ಸಲ ನಿಂತಾಗ ನಾಲಿಗೆ ಕಟ್ಟಿ ಅರ್ಧಕ್ಕೇ ಕೂತುಬಿಟ್ಟಿದ್ದರು. ಇನ್ನೊಮ್ಮೆ ಹಾಗಾದರೆ ಸಂಶೋಧನೆ ಬಿಟ್ಟು ಬರೀ ಸಾಮಾನು ನೋಡಿಕೊಂಡಿರು ಎಂದು ಪ್ರೊಫೆಸರು ಹೇಳಿದ್ದರು.

ಅದಕ್ಕೇ ನಿಮ್ಮ ತಾತ ಬೆಳಗ್ಗೆ ನಾನು ರಾಗಿ ಬೀಸುವಾಗ ಎದುರಿಗೆ ಕೂತು, ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸುವರು. ಉಸಿರು ಬಿಗಿಹಿಡಿದರೆ ನಾಡಿ ಏನಾಗುತ್ತದೆ ಎಂಬುದು ಅವರ ವಿಷಯ. ನನಗೆ ಒಂದಕ್ಷರ ತಿಳಿಯದು. ಆದರೆ ನಮ್ಮ ಕಡೆ ಯಾರು ಏನು ಹೇಳುತ್ತಿದ್ದರೂ ಕೇಳುವವರು ಹೂಂಗುಟ್ಟಬೇಕು; ಇಲ್ಲದಿದ್ದರೆ ಗೋಡೆಗೆ ಹೇಳಿದಂತೆ. ನಾನು ಹೂಂಗುಟ್ಟಿದೆ. ಅವರು ಎಲ್ಲೂ ಎಡವದೆ ಕೊನೆ ಮುಟ್ಟಿದರು. ದಿನವೂ ಹಾಗೇ ಆಯಿತು.

ಅವರ ಸರದಿಯ ಶನಿವಾರ ನಾನೂ ಅತ್ತೆಯೂ ಛತ್ರದ ಅಡುಗೆಮನೆಯಲ್ಲಿ ಬೆಲ್ಲದ ಕಾಫಿ ಕಾಸುತ್ತಿದ್ದೆವು. ಹಜಾರದಿಂದ ಅವರ ದನಿ ಕೇಳಿಸಿತು. ಎರಡು ಮಾತು ಆಡಿ ನಿಂತರು. ಮನೆಯಲ್ಲಿ ನಾನು ಮೊದಲು ಹೂಂ ಅನ್ನುತ್ತಿದ್ದ ಜಾಗವೇ ಅದು. ಯಾರೂ ಹೂಂ ಅನ್ನಲಿಲ್ಲ. ಅಷ್ಟು ಓದಿದವರು ತುಟಿ ಬಿಚ್ಚದೆ ಕೂತಿದ್ದರು.

"ನಿಂತ್ಬುಟ್ಟ ಕಣಮ್ಮಿ ನನ್ ಮಗ! ಹೂಂ ಅನ್ನು," ಎಂದರು ಅತ್ತೆ.

"ಅಷ್ಟೊಂದು ಜನ ಗಂಡಸ್ರವ್ರೆ, ಅತ್ತೆ."

"ಅವ್ರೇನ್ ನಿನ್ನ ತಿಂದ್ಬುಡ್ತಾರಾ? ಅನ್ನಮ್ಮಿ!"

ಮಾವನ ಎದುರಿಗೂ ದನಿಯೆತ್ತಿದವಳಲ್ಲ ನಾನು. ಬಾಗಿಲ ಹಿಂದೆ ನಿಂತು, ಸೆರಗು ಬಾಯಿಗೆ ಹಿಡಿದು, "ಹೂಂ" ಎಂದೆ.

ಹಜಾರದಲ್ಲಿ ನಗು ಎದ್ದಿತು. "ಯಾರದು?" ಎಂದರು ಪ್ರೊಫೆಸರು. ನಿಮ್ಮ ತಾತ ತಡವರಿಸುತ್ತಾ ತಮಿಳಿನಲ್ಲಿ ನಮ್ಮ ಪದ್ಧತಿ ತಿಳಿಸಿದರು. ನನಗೆ ಒಲೆಯೊಳಗೆ ಹೋಗಿ ಕೂರೋಣ ಅನ್ನಿಸಿತು. ಪ್ರೊಫೆಸರು ತಮಿಳರು. ಅವರ ಪಾಟಿಯೂ, ಅಂದರೆ ಅಜ್ಜಿಯೂ, ಉಂ ಎನ್ನದ ಮಕ್ಕಳಿಗೆ ಕಥೆ ಹೇಳುತ್ತಿರಲಿಲ್ಲವಂತೆ. "ಸರಿ, ಹೇಳಪ್ಪಾ," ಎಂದು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ತಾವೇ "ಉಂ" ಎಂದರು.

ಆಮೇಲೆ ನಿಮ್ಮ ತಾತ ನಿಲ್ಲಲಿಲ್ಲ. ಪ್ರೊಫೆಸರ ಉಂ ಗಟ್ಟಿಯಾಗಿ ಕೇಳುತ್ತಿತ್ತು. ಅದರ ಹಿಂದೆ, ತಡೆಯಲಾಗದೆ, ನನ್ನದೂ ಸಣ್ಣಗೆ ಹೊರಡುತ್ತಿತ್ತು.

ಕಾಫಿ ಕುಡಿದು ಹೊರಡುವಾಗ ಪ್ರೊಫೆಸರು ಸಂಶೋಧನೆ ಮುಂದುವರಿಸು ಎಂದು ನಿಮ್ಮ ತಾತನ ಬೆನ್ನು ತಟ್ಟಿದರಂತೆ. ಮನೆಗೆ ನಡೆದು ಬರುವಾಗ ಅವರು ಅದನ್ನೇ ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ಹೂಂಗುಟ್ಟಿದೆ.

"ಎಲ್ಲಾ ಸರಿ ಕಣ್ಲಾ," ಎಂದರು ಅತ್ತೆ ಹಿಂದಿನಿಂದ, "ಉಸ್ರು ಬಿಗಿಹಿಡ್ಕೊಂಡಿದ್ನಲ್ಲ, ಅವ್ನು ಕೊನೇಗ್ ಬಿಟ್ನಾ ಇಲ್ವಾ?"