ಓದದೇ ಹೊಗಳಿದ ನೋಟ್‌ಬುಕ್

ಸುಳ್ಳು ಹೇಳುವುದು ನನಗೆ ಸಲೀಸು. ಟೀಚರ್ ಕೆಲಸದಲ್ಲಿ ಅದಿಲ್ಲದೆ ನಡೆಯುವುದಿಲ್ಲ. ‘ಈ ಸಲ ಪೇಪರ್ ಸುಲಭ ಇರುತ್ತೆ’ ಎಂದು ಮಕ್ಕಳಿಗೆ. ‘ನಿಮ್ಮ ಮಗಳು ಜಾಣೆ, ಸ್ವಲ್ಪ ಗಮನ ಕೊಡಬೇಕು ಅಷ್ಟೇ’ ಎಂದು ಅವರ ಅಮ್ಮಂದಿರಿಗೆ. ಇಂಥವನ್ನೆಲ್ಲ ಹೇಳಿ ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡಿದ್ದೇನೆ.

ಆದರೆ ಈ ತಿಂಗಳ ಮೊದಲ ಶನಿವಾರ ಕೆ.ಜಿ.ಎಫ್‌ನ ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಸುಳ್ಳು ಮೂರೇ ಪದದ್ದು. ಅದಿನ್ನೂ ನನ್ನನ್ನು ಬಿಟ್ಟಿಲ್ಲ.

ನಿಮಗೆ ಗೊತ್ತು, ತಿಂಗಳ ಕೊನೆಯ ವಾರ ಈ ಜಾಗದಲ್ಲಿ ನಾನು ಓದಿದ್ದು, ನೋಡಿದ್ದು, ಮನೆಯ ಸುತ್ತ ಕಂಡಿದ್ದು ಬರೆಯುತ್ತೇನೆ. ಈ ಸಲದ್ದು ಮೊದಲೇ ಒಪ್ಪಿಸಿಬಿಡುತ್ತೇನೆ. ಎಲ್ಲರೂ ಹೊಗಳಿದ ಒಂದು ದಪ್ಪ ಕಾದಂಬರಿ ಹಿಡಿದೆ, ಅರವತ್ತನೇ ಪುಟದಲ್ಲಿ ಬಿಟ್ಟೆ. ಮೊಬೈಲಿನಲ್ಲಿ ಒಂದು ಪತ್ತೇದಾರಿ ಸೀರಿಸ್ ನೋಡಿದೆ, ಎಂಟು ಎಪಿಸೋಡು, ಒಂದನ್ನೂ ಬಿಡದೆ. (ಕೊಲೆಗಾರ ಯಾರೆಂದು ಮೂರನೆಯದರಲ್ಲೇ ಗೊತ್ತಾಗಿತ್ತು, ಆದರೂ ಉಳಿದ ಐದನ್ನು ಬಿಡಲಿಲ್ಲ.) ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಕಲ್ಲಂಗಡಿ ಗಾಡಿಗಳು ಬಂದಿವೆ. ಮಾವಿನಕಾಯಿ ಚಿತ್ರಾನ್ನ ಎರಡು ಸಲ ಆಯಿತು. ಬೆಳಗ್ಗೆ ಐದಕ್ಕೇ ಕೋಗಿಲೆ ಎಬ್ಬಿಸುತ್ತದೆ.

ಮಾಮೂಲಾಗಿ ಇಷ್ಟಕ್ಕೆ ನಾಲ್ಕು ಮಾತು ಸೇರಿಸಿದರೆ ಅಂಕಣ ಮುಗಿಯುತ್ತಿತ್ತು. ಈ ಸಲ ಮುಗಿಯುವುದಿಲ್ಲ.

ಜನವರಿಯಲ್ಲಿ ಮುನಿಸ್ವಾಮಪ್ಪನವರು ರಾಬರ್ಟ್‌ಸನ್‌ಪೇಟೆಯ ನಮ್ಮ ಸ್ಕೂಲಿಗೆ ಬಂದಿದ್ದರು. ಅಲ್ಲೇ ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆಯಲ್ಲಿರುವವರು. ಎಪ್ಪತ್ತೆಂಟು ವರ್ಷ. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿಯ ಬೇಸಾಯದ ಮನೆ, ದುಡಿದಿದ್ದು ಮುಚ್ಚುವವರೆಗೂ ಚಿನ್ನದ ಗಣಿಯಲ್ಲಿ. ಈ ಅಂಕಣದ ಓದುಗರು. ಪ್ಲಾಸ್ಟಿಕ್ ಕವರಿನಿಂದ ರಟ್ಟಿನ ದಪ್ಪ ನೋಟ್‌ಬುಕ್ ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

‘ಏನೋ ಗೀಚಿದೀನಿ ಮೇಡಮ್ಮೋರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ರೆ ತಿದ್ದಿ ಕೊಡಿ. ಅರ್ಜೆಂಟೇನಿಲ್ಲ.’

ಅರ್ಜೆಂಟಿಲ್ಲ ಎಂದವರ ಕೆಲಸ ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ. ಅದರ ಮೇಲೆ ಕರೆಂಟ್ ಬಿಲ್ಲು, ಅದರ ಮೇಲೆ ಮದುವೆ ಪತ್ರಿಕೆಗಳು. ಫೆಬ್ರವರಿ ಹೋಯಿತು. ಪರೀಕ್ಷೆ, ಪೇಪರ್ ತಿದ್ದುವುದು, ಯುಗಾದಿ.

ಆ ಶನಿವಾರ ಬಂಗಾರಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಮುನಿಸ್ವಾಮಪ್ಪನವರು ರಸ್ತೆ ದಾಟಿ ನನ್ನ ಕಡೆಗೇ ಬಂದರು. ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡಿದ್ದರು.

‘ಓದಿದ್ರಾ ಮೇಡಮ್ಮೋರೆ?’

‘ಓದಿದೆ. ತುಂಬಾ ಚೆನ್ನಾಗಿದೆ.’

ಅವರ ಮುಖ ಅರಳಿತು. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

‘ಯಾವ್ದು ಚೆನ್ನಾಗೈತೆ?’

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ಗಣಿಯಲ್ಲಿ ದುಡಿದವರು ಇನ್ನೇನು ಬರೆದಿರುತ್ತಾರೆ! ‘ಆ ಗಣಿಯೊಳಗೆ ಇಳಿಯೋದು ಬರೆದಿದ್ದೀರಲ್ಲ, ಅದು. ಓದ್ತಾ ಇದ್ರೆ ಮೈ ಜುಮ್ಮೆನ್ನುತ್ತೆ.’

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಆಮೇಲೆ ಟವೆಲ್ಲನ್ನು ಮತ್ತೆ ತಲೆಗೆ ಹಾಕಿಕೊಂಡರು.

‘ಸರಿ ಬುಡಿ. ನಿಮ್ ಬಸ್ಸು ಬಂತು, ಅತ್ಕೊಳ್ಳಿ. ಬತ್ತೀನಿ.’

ಬಸ್ಸಿನಲ್ಲಿ ಕೂತವಳಿಗೆ ಏನೋ ಸರಿಯಿಲ್ಲ ಎನ್ನಿಸಿತು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಫ್ರಿಜ್ ಮೇಲಿಂದ ನೋಟ್‌ಬುಕ್ ಎಳೆದೆ. ಮೊದಲ ಪುಟ ಹೀಗಿತ್ತು:

‘ಎಲ್ಲರೂ ಗಣಿ ಬಗ್ಗೆ ಕೇಳ್ತಾರೆ. ಗಣಿ ಒಳಗೆ ಕತ್ತಲು. ಕತ್ತಲ ಬಗ್ಗೆ ಬರಿಯಕ್ಕೆ ಏನೂ ಇಲ್ಲ. ಮೇಲೆ ಬಂದ ಮೇಲೆ ಕಂಡಿದ್ದು ಬರಿತೀನಿ.’

ಮುಂದೆ ಇಡೀ ನೋಟ್‌ಬುಕ್‌ನಲ್ಲಿ ಗಣಿಯೇ ಇಲ್ಲ. ಇರುವುದು ಮರಗಳು. ಶಿಫ್ಟ್ ಮುಗಿಸಿ ಮೇಲೆ ಬಂದರೆ ಅವರ ಲೈನಿನ ನಲ್ಲಿ ಹತ್ತಿರ ಒಂದು ಹೊಂಗೆ ಮರ. ಅದು ಯಾವ ವರ್ಷ ಯಾವ ದಿನ ಚಿಗುರಿತು, ಯಾವಾಗ ಹೂ ಬಿಟ್ಟಿತು, ಎಷ್ಟು ದಿನಕ್ಕೆ ಹೂ ಉದುರಿತು. ಬೇವು, ಸಂಪಿಗೆ, ಸ್ಕೂಲ್ ಗೋಡೆ ಪಕ್ಕದ ಹುಣಸೆ. ವರ್ಷಕ್ಕೆ ನಾಲ್ಕೈದು ಪುಟ, ಎಲ್ಲ ವಸಂತದ್ದೇ. ‘ಹ’ ಅಕ್ಷರ ಅವರ ಬಾಯಲ್ಲಿ ಇಲ್ಲದಂತೆ ಬರಹದಲ್ಲೂ ಇಲ್ಲ. ‘ಒಂಗೆ ಊವು ಬಂತು. ಜೇನು ಬಂದವೆ.’

ಒಂದು ಕಡೆ ಹೆಂಡತಿಯ ಬಗ್ಗೆ ಹೀಗಿದೆ: ‘ಯಲ್ಲಮ್ಮ ಬೇವಿನ ಊವು ಒಣಗಿಸಿ ಸಾರು ಮಾಡಿದ್ಳು.’ ಮುಂದೆ ‘ಕಹಿ’ ಎಂದು ಬರೆಯುವ ಕಡೆ ‘ಕಯಿ’ ಎಂದಿದೆ. ‘ಕಯಿ. ಎರಡು ಸಲ ಆಕಿಸ್ಕೊಂಡೆ. ಅವಳು ನೋಡ್ತಾ ಇದ್ಳು.’

ಗಣಿ ಮುಚ್ಚಿದ ವರ್ಷಕ್ಕೆ ಒಂದೇ ಸಾಲು. ‘ಈ ವರ್ಷ ಮರ ನೋಡಲಿಲ್ಲ.’

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರೂ ಹೀಗೆ ಬರೆಯಲಾರರು, ನಾನಂತೂ ಬರೆಯಲಾರೆ. ಕೆಂಪು ಪೆನ್ನು ತೆಗೆದಿದ್ದೆ. ಮುಚ್ಚಿಟ್ಟೆ. ಭಾನುವಾರ ಮಧ್ಯಾಹ್ನಕ್ಕೆ ಓದಿ ಮುಗಿಯಿತು.

ಸೋಮವಾರವೇ ಊರಿಗಾಂಗೆ ಹೋಗಬೇಕಿತ್ತಲ್ಲವೇ? ಸ್ಕೂಲಿನಿಂದ ಆಟೋದಲ್ಲಿ ಹತ್ತು ನಿಮಿಷ. ಹೋಗಲಿಲ್ಲ. ಮುಖ ತೋರಿಸುವುದಕ್ಕೆ ನಾಚಿಕೆ. ನಾಳೆ, ನಾಡಿದ್ದು ಎಂದು ಎರಡು ವಾರ ತಳ್ಳಿದೆ. (ಸೀರಿಸ್‌ನ ಕೊನೆಯ ಮೂರು ಎಪಿಸೋಡು ನೋಡಿದ್ದು ಈ ಎರಡು ವಾರದಲ್ಲೇ. ಇದನ್ನೂ ಹೇಳಿಬಿಡಬೇಕು.)

ಕೊನೆಗೆ ಹೋದಾಗ ಯಲ್ಲಮ್ಮನವರು ಬಾಗಿಲಲ್ಲಿ ಕೂತು ಅವರೆಬೇಳೆ ಆರಿಸುತ್ತಿದ್ದರು. ಒಳಗೆ ತಿರುಗಿ, ‘ಇಗೋ, ಸ್ಕೂಲ್ ಮೇಡಮ್ಮೋರು ಬಂದವ್ರೆ’ ಎಂದರು. ಮುನಿಸ್ವಾಮಪ್ಪನವರು ಬನಿಯನ್ ಮೇಲೆ ಶರ್ಟು ಹಾಕಿಕೊಳ್ಳುತ್ತಾ ಬಂದರು. ನೋಟ್‌ಬುಕ್ ತೆಗೆದುಕೊಂಡು ಎರಡು ಪುಟ ತಿರುವಿದರು.

‘ತಿದ್ದಿಲ್ವಾ?’

‘ಇಲ್ಲ. ತಿದ್ದೋಕೆ ಮನಸ್ಸು ಬರಲಿಲ್ಲ.’

ಮತ್ತೆ ಬಸ್ ಸ್ಟ್ಯಾಂಡಿನ ಅದೇ ನೋಟ. ಈ ಸಲ ನಾನು ನಿಜ ಹೇಳಿದ್ದೆ, ಅವರು ನಂಬಲಿಲ್ಲ. ಯಾಕೆ ನಂಬಬೇಕು?

‘ಅವತ್ತು ಸುಳ್ಳು ಹೇಳಿದೆ’ ಎಂದೆ. ‘ಒಂದು ಪುಟವನ್ನೂ ತೆರೆದಿರಲಿಲ್ಲ. ಆಮೇಲೆ ಓದಿದೆ, ಪೂರ್ತಿ. ಬೇವಿನ ಹೂವಿನ ಸಾರು ಎರಡು ಸಲ ಹಾಕಿಸಿಕೊಂಡಿರಂತೆ.’

ಯಲ್ಲಮ್ಮನವರ ಕೈ ಮೊರದ ಮೇಲೆ ನಿಂತಿತು. ‘ಅದ್ನೂ ಬರ್ದವ್ರಾ?’ ಎಂದು ಗಂಡನ ಮುಖ ನೋಡಿದರು. ಅವರಿಗೆ ಓದಲು ಬರುವುದಿಲ್ಲ. ಇಷ್ಟು ವರ್ಷ ಅದರಲ್ಲಿ ಏನಿದೆ ಎಂದು ಯಾರೂ ಅವರಿಗೆ ಓದಿ ಹೇಳಿಲ್ಲ.

‘ಬರ್ದಿದ್ದೆ’ ಎಂದು ಮುನಿಸ್ವಾಮಪ್ಪನವರು ತಲೆ ತಗ್ಗಿಸಿ ನಕ್ಕರು. ನನಗೂ ಸ್ವಲ್ಪ ಉಸಿರು ಬಂದಂತಾಯಿತು.

ಕಾಫಿ ಬಂತು. ಕುಡಿಯುತ್ತಾ ಕೇಳಿದೆ. ‘ಈ ವರ್ಷ ಹೊಂಗೆ ಯಾವಾಗ ಹೂ ಬಿಟ್ಟಿತು?’

‘ಅವತ್ತು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ನಲ್ಲ, ಅವತ್ತು ಬೆಳಗ್ಗೆ.’

ಅರ್ಥವಾಗಲು ನನಗೆ ಒಂದು ಗುಟುಕು ಕಾಫಿಯಷ್ಟು ಹೊತ್ತು ಹಿಡಿಯಿತು.

‘ನೋಟ್‌ಬುಕ್ ಕೇಳೋಕೆ ಬಂದಿದ್ರಾ?’

‘ಊಂ. ಬರ್ಕೊಂಡು ತಿರ್ಗಾ ಕೊಡಾನ ಅಂತ. ನೀವು ಅಂಗಂದ್ಮೇಲೆ ಕೇಳಾಕೆ ಒಂಥರಾ ಆಯ್ತು.’

‘ಬೇರೆ ಪುಸ್ತಕದಲ್ಲಿ ಬರೀಬಹುದಿತ್ತಲ್ಲ?’

‘ಬರೀಬೋದಿತ್ತು. ಮನ್ಸು ಬರ್ಲಿಲ್ಲ.’ ಅವರು ಲೋಟ ಕೆಳಗಿಟ್ಟರು. ‘ನಾನು ಬರ್ದಿದ್ದು ಯಾರೂ ಓದ್ದೇ ಇದ್ರೂ ನಡೀತಿತ್ತು ಮೇಡಮ್ಮೋರೆ. ಇಷ್ಟ್ ದಿನ ಯಾರು ಓದಿದ್ರು? ಓದಿಲ್ಲ ಅಂದಿದ್ರೆ ಸರಿ, ಇನ್ನೊಂದ್ ವಾರ ಇಟ್ಕೊಳ್ಳಿ ಅಂತಿದ್ದೆ. ಓದಿದೀನಿ ಅಂತ ನೀವು ಗಣಿ ಕತೆ ಏಳಿದ್ರಲ್ಲ, ಆಗ ಅನ್ನಿಸ್ತು, ನನ್ನಿಂದ ಎಲ್ಲಾರ್ಗೂ ಬೇಕಾಗಿರೋದು ಅದೊಂದೇ ಅಂತ.’

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಕಣಕಾರ್ತಿ ಎನ್ನಿಸಿಕೊಂಡವಳು ನಾನು. ಊರಿನವರು ಪುಸ್ತಕ ಓದುವುದಿಲ್ಲ ಎಂದು ಇದೇ ಜಾಗದಲ್ಲಿ ಎಷ್ಟು ಸಲ ಗೊಣಗಿಲ್ಲ? ಕೆ.ಜಿ.ಎಫ್ ಎಂದರೆ ಬರೀ ಚಿನ್ನ, ಬರೀ ಗಣಿ ಎನ್ನುವ ಹೊರಗಿನವರ ಮೇಲೆ ಎಷ್ಟು ಸಲ ಸಿಡುಕಿಲ್ಲ? ದಿನಾ ಬಂದು ಹೋಗುವ ನಾನು ಅವರಿಗಿಂತ ಯಾವ ಲೆಕ್ಕದಲ್ಲಿ ಬೇರೆ?

ಹೊರಗೆ ಬಂದಾಗ ಅವರೇ ನಲ್ಲಿಯವರೆಗೆ ಕರೆದುಕೊಂಡು ಹೋದರು. ಮರ ಪೂರ್ತಿ ಹಸಿರಾಗಿತ್ತು. ಹೂ ಎಲ್ಲ ಉದುರಿ, ಒಣಗಿ, ಜನರ ಕಾಲಿಗೆ ಸಿಕ್ಕಿ ಮಣ್ಣಿನ ಬಣ್ಣವಾಗಿತ್ತು. ನೀರು ಹಿಡಿಯಲು ಬಂದ ಹೆಂಗಸೊಬ್ಬರು ತಮಿಳಿನಲ್ಲಿ ಅವರನ್ನು ಏನೋ ವಿಚಾರಿಸಿದರು, ಅವರೂ ತಮಿಳಿನಲ್ಲೇ ಉತ್ತರಿಸಿದರು. ನಾನು ನೆಲ ನೋಡುತ್ತಾ ನಿಂತಿದ್ದೆ.

‘ಈಗಲೂ ಬರೀಬಹುದಲ್ವಾ? ನಿಮಗೆ ದಿನ ನೆನಪಿದೆ’ ಎಂದೆ.

‘ಅದ್ರಲ್ಲಿ ನೆನಪಿಂದ ಬರ್ದಿದ್ದು ಒಂದೂ ಇಲ್ಲ. ಅವತ್ತು ಕಂಡಿದ್ದು ಅವತ್ತೇ ಬರ್ದಿದ್ದು. ಅದು ತಪ್ಪೋಯ್ತು. ಓಗ್ಲಿ ಬುಡಿ.’

ಏನಾದರೂ ಸಮಾಧಾನ ಹೇಳಲೇಬೇಕು ಎನ್ನಿಸಿತು ನನಗೆ. ಅವರಿಗೋ, ನನಗೇ ಬೇಕಿತ್ತೋ.

‘ಬರೋ ವರ್ಷ ಬರೀರಿ’ ಎಂದೆ.

ಅವರು ಮರ ನೋಡಿದರು. ‘ನೋಡಾನ’ ಎಂದರು.

ಎಪ್ಪತ್ತೆಂಟು ವರ್ಷದವರ ಒಂದು ವಸಂತವನ್ನು ಕಳೆದು, ಇನ್ನೊಂದು ಇದ್ದೇ ಇದೆ ಎನ್ನುವ ಹಾಗೆ ಮಾತಾಡಲು ನಾನು ಯಾರು?